ಅಜ್ಜಿಗೆ ಹೇಳಿದ ಪಂದ್ಯ

ಬೇಸಿಗೆ ರಜೆಗೆ ಪಂಚನಹಳ್ಳಿಗೆ ಬಂದಿದ್ದ ಮೊಮ್ಮಗಳು ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ಐಪಿಎಲ್ ನೋಡುತ್ತಿದ್ದಳು. ಜಾಹೀರಾತು ಬಂದಾಗ ತಲೆ ಎತ್ತಿ ಕೇಳಿದಳು.

“ತಾತ, ನೀನು ಸ್ಟೇಡಿಯಂಗೇ ಹೋಗಿ ನೋಡಿದ ಮ್ಯಾಚಲ್ಲಿ ಯಾವುದು ಬೆಸ್ಟು?”

“1974ರಲ್ಲಿ ನೋಡಿದ್ದು. ಕರ್ನಾಟಕಕ್ಕೂ ಬಾಂಬೆಗೂ ರಣಜಿ ಸೆಮಿಫೈನಲ್.”

“ಯಾರು ಗೆದ್ರು?”

“ಡ್ರಾ ಆಯ್ತು.”

ಅವಳು ನಕ್ಕುಬಿಟ್ಟಳು. “ಡ್ರಾ ಆಗಿದ್ದು ಬೆಸ್ಟ್ ಹೇಗಾಗುತ್ತೆ ತಾತ?”

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಹೇಳಲು ಆ ಸಂಜೆಯೆಲ್ಲ ಹಿಡಿಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಹೇಳುವಾಗ ಗಂಟಲು ಕಟ್ಟಿ ಬಿಟ್ಟುಹೋದ ಒಂದು ಮಾತನ್ನೂ ಸೇರಿಸಿದ್ದೇನೆ.

ಮಟ್ಟೆ ಬ್ಯಾಟು, ಬಟ್ಟೆ ಚೆಂಡು

ಚಿಕ್ಕಮಗಳೂರು ಜಿಲ್ಲೆ ಎಂದರೆ ಎಲ್ಲರಿಗೂ ಕಾಫಿ ತೋಟ, ಜಡಿಮಳೆ ನೆನಪಾಗುತ್ತದೆ. ಕಡೂರು ತಾಲ್ಲೂಕಿನ ನಮ್ಮ ಕಡೆ ಹಾಗಲ್ಲ. ಇದು ಬಯಲುಸೀಮೆ. ರಾಗಿ, ತೆಂಗು, ಮೋಡ ನೋಡುತ್ತಾ ಕೂರುವ ಜನ. ನಾವು ಹುಡುಗರಿಗೆ ಬ್ಯಾಟು ತೆಂಗಿನ ಮಟ್ಟೆಯದು. ಚಿಂದಿ ಬಟ್ಟೆಯನ್ನು ಉಂಡೆ ಕಟ್ಟಿ, ಹಳೆಯ ಸೈಕಲ್ ಟ್ಯೂಬನ್ನು ಬಳೆಬಳೆಯಾಗಿ ಕತ್ತರಿಸಿ ಸುತ್ತಿದರೆ ಚೆಂಡು. ಅದು ನೆಲಕ್ಕೆ ಬಿದ್ದರೆ ಏಳುತ್ತಿರಲಿಲ್ಲ. ಹಾಗಾಗಿ ಬೌನ್ಸರ್ ಎಂಬುದನ್ನು ನಾನು ಕೇಳಿದ್ದೆನೇ ಹೊರತು ಕಂಡಿರಲಿಲ್ಲ.

ನಮ್ಮ ಹೀರೋ ಒಬ್ಬರೇ, ಜಿ.ಆರ್. ವಿಶ್ವನಾಥ್. ಅವರು ಬೆಳೆದದ್ದು ಬೆಂಗಳೂರಿನಲ್ಲಾದರೂ ಹುಟ್ಟಿದ್ದು ಭದ್ರಾವತಿಯಲ್ಲಿ. ಬೀರೂರಿನಿಂದ ಶಿವಮೊಗ್ಗದ ರೈಲು ಹತ್ತಿದರೆ ತರೀಕೆರೆ ಆದಮೇಲೆ ಬರುವುದೇ ಭದ್ರಾವತಿ. ಅಂದಮೇಲೆ ನಮ್ಮವರೇ ತಾನೆ! 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ಮೇಲೆ ಮೊದಲ ಟೆಸ್ಟ್ ಆಡಿದಾಗ ಮೊದಲ ಇನ್ನಿಂಗ್ಸಿನಲ್ಲಿ ಅವರದು ಸೊನ್ನೆ, ಎರಡನೆಯದರಲ್ಲಿ 137. ಪರೀಕ್ಷೆಯಲ್ಲಿ ಸೊನ್ನೆ ಬಂದಾಗಲೆಲ್ಲ ನಾವು ಈ ಕಥೆಯನ್ನು ಮನೆಯಲ್ಲಿ ಹೇಳುತ್ತಿದ್ದೆವು. ಅಪ್ಪ ಮಾತ್ರ ಇದಕ್ಕೆ ಒಪ್ಪುತ್ತಿರಲಿಲ್ಲ.

1974ರ ಮಾರ್ಚ್‌ನಲ್ಲಿ ನಾನು ಎಂಟನೇ ತರಗತಿ. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಲೆಯ ಮುಂದೆ ಕೂತು ರೊಟ್ಟಿ ತಟ್ಟುವಾಗ ಹಂಚು ಎಲ್ಲಿದೆ ಎಂದು ಕೈಯಿಂದ ಹುಡುಕಿ ಬೆರಳು ಸುಟ್ಟುಕೊಂಡಳು. ಅಂದೇ ಅಪ್ಪ ತೀರ್ಮಾನ ಮಾಡಿದರು. ಅಟ್ಟದಲ್ಲಿದ್ದ ಕೊಬ್ಬರಿಯನ್ನು ತಿಪಟೂರಿಗೆ ಹಾಕಿ ಬಂದ ದುಡ್ಡಿನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಹೊರಟೆವು. ಅಮ್ಮ ಎಮ್ಮೆ, ತೋಟ, ತಂಗಿಯರನ್ನು ನೋಡಿಕೊಳ್ಳಲು ಊರಿನಲ್ಲೇ ಉಳಿದಳು. ಅಜ್ಜಿಯ ಕೈ ಹಿಡಿದು ನಡೆಸಲು ನಾನು ಬೇಕಾಗಿತ್ತು. ಕಡೂರಿನವರೆಗೆ ಬಸ್ಸು, ಅಲ್ಲಿಂದ ಮೀಟರ್ ಗೇಜ್ ರೈಲು. ಅರಸೀಕೆರೆ, ತಿಪಟೂರು, ತುಮಕೂರು ದಾಟಿ ಬೆಂಗಳೂರು ಸೇರುವಷ್ಟರಲ್ಲಿ ಅಜ್ಜಿ ಬುತ್ತಿಯ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಅರ್ಧ ಡಬ್ಬಿಗೆ ಹಂಚಿಯಾಗಿತ್ತು.

ಎರಡು ಕಣ್ಣಿಗೂ ಕಟ್ಟು

ಈಗಿನ ಮಕ್ಕಳಿಗೆ ಒಂದು ವಿಷಯ ಹೇಳಬೇಕು. ಕಣ್ಣಿನ ಪೊರೆ ಎಂದರೆ ಕಣ್ಣಿನೊಳಗಿನ ಮಸೂರ ಮಬ್ಬಾಗುವುದು. ಈಗ ಆ ಮಬ್ಬಾದ ಮಸೂರವನ್ನು ತೆಗೆದು ಅದರ ಜಾಗಕ್ಕೆ ಪುಟ್ಟದೊಂದು ಕೃತಕ ಮಸೂರ ಇಡುತ್ತಾರೆ. ಬೆಳಿಗ್ಗೆ ಹೋದವರು ಸಂಜೆಗೆ ಮನೆಯಲ್ಲಿರುತ್ತಾರೆ. ಆಗ ನಮ್ಮಂಥವರಿಗೆ ಆ ಕೃತಕ ಮಸೂರ ಸಿಗುತ್ತಿರಲಿಲ್ಲ. ಮಬ್ಬಾದದ್ದನ್ನು ತೆಗೆದು, ಹೊಲಿಗೆ ಹಾಕಿ, ಕಣ್ಣಿಗೆ ಕಟ್ಟು ಕಟ್ಟಿ ಹಾಸಿಗೆಯ ಮೇಲೆ ಮಲಗಿಸುತ್ತಿದ್ದರು. ಶಸ್ತ್ರಚಿಕಿತ್ಸೆ ಆಗಿದ್ದು ಒಂದು ಕಣ್ಣಿಗಾದರೂ ಅಜ್ಜಿಗೆ ಎರಡೂ ಕಣ್ಣಿಗೆ ಕಟ್ಟಿದ್ದರು. ಅಲ್ಲಾಡಬಾರದು, ಕೆಮ್ಮಬಾರದು, ಬಗ್ಗಬಾರದು, ಅಳಲಂತೂ ಬಾರದು.

ಹೊಲ, ಹಟ್ಟಿ ಎಂದು ದಿನವಿಡೀ ಓಡಾಡುತ್ತಿದ್ದ ಜೀವ. ಒಂದೇ ದಿನಕ್ಕೆ ಬೇಸತ್ತಳು. ಎರಡನೆಯ ದಿನ ಸೋದರಮಾವ ನೋಡಲು ಬಂದರು. ಅವರು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು. ಆ ವಾರ ಅವರಿಗೆ ರಾತ್ರಿ ಪಾಳಿ. ಕ್ರಿಕೆಟ್ ಎಂದರೆ ನಿದ್ದೆ, ಊಟ ಎರಡನ್ನೂ ಬಿಡುವವರು.

“ಅಮ್ಮ, ನಾಳೆಯಿಂದ ಬಾಂಬೆ ಮೇಲೆ ಮ್ಯಾಚು. ಹುಡುಗನ್ನ ಕರ್ಕೊಂಡು ಹೋಗ್ಲಾ?” ಎಂದು ಮೆಲ್ಲಗೆ ಕೇಳಿದರು.

ಅಪ್ಪನ ಮುಖ ಬಿಗಿಯಿತು. “ಅವನು ಬಂದಿರೋದು ಅಜ್ಜಿ ಹತ್ರ ಇರೋಕೆ. ಮುಂದಿನ ತಿಂಗಳು ಪರೀಕ್ಷೆ ಬೇರೆ.”

ಅಜ್ಜಿ ಮಲಗಿದಲ್ಲಿಂದಲೇ ಹೇಳಿದಳು. “ಹೋಗ್ಲಿ ಬಿಡೋ. ಇಲ್ಲಿ ಕೂತು ನನ್ನ ಮುಖ ನೋಡಿ ಏನ್ಮಾಡ್ತಾನೆ? ಹೋಗಿ ನೋಡ್ಕೊಂಡು ಬಂದು ಸಂಜೆ ನಂಗೆ ಹೇಳ್ಲಿ. ನಂಗೂ ಹೊತ್ತು ಹೋಗುತ್ತೆ.”

ನಂತರ ನನ್ನ ಕೈ ಹುಡುಕಿ ಹಿಡಿದುಕೊಂಡಳು. “ಕಟ್ಟು ಬಿಚ್ಚೋ ದಿನ ಮಾತ್ರ ನೀನು ಇಲ್ಲೇ ಇರ್ಬೇಕು. ಕಣ್ಣು ಬಿಟ್ರೆ ಮೊದಲು ನಿನ್ನೇ ನೋಡ್ಬೇಕು.”

“ಇರ್ತೀನಿ ಅಜ್ಜಿ” ಎಂದೆ. ಮಾತು ಕೊಡುವುದು ಆ ವಯಸ್ಸಿಗೆ ಎಷ್ಟು ಸುಲಭ!

ಹದಿನೈದು ವರ್ಷದ ಬೀಗ

ಬಾಂಬೆ ಎಂದರೆ ಆಗ ಏನು ಎಂಬುದನ್ನು ಮಾವ ದಾರಿಯುದ್ದಕ್ಕೂ ಹೇಳಿದರು. 1958-59ರಿಂದ 1972-73ರವರೆಗೆ ಸತತ 15 ವರ್ಷ ರಣಜಿ ಟ್ರೋಫಿ ಗೆದ್ದವರು ಅವರೇ. ನಾನು ಹುಟ್ಟುವ ಮೊದಲೇ ಶುರುವಾಗಿದ್ದ ಆ ಗೆಲುವು ನಾನು ಎಂಟನೇ ತರಗತಿಗೆ ಬಂದರೂ ನಿಂತಿರಲಿಲ್ಲ.

ನಮ್ಮ ತಂಡ ಅಲ್ಲಿಯವರೆಗೂ ಆಡಿದ್ದು ಮೈಸೂರು ಎಂಬ ಹೆಸರಿನಲ್ಲಿ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಮದ್ರಾಸಿನಲ್ಲಿ ನಡೆದಾಗ ಆಡಿದ್ದು ಮದ್ರಾಸು ಮತ್ತು ಮೈಸೂರು. ಆ ಪಂದ್ಯವನ್ನು ಮೈಸೂರು ಒಂದೇ ದಿನದಲ್ಲಿ ಸೋತಿತ್ತು. ಆಮೇಲೆ 1941-42ರಲ್ಲಿ ಒಮ್ಮೆ, 1959-60ರಲ್ಲಿ ಇನ್ನೊಮ್ಮೆ ಫೈನಲ್ ತನಕ ಹೋಗಿ ಎರಡು ಸಲವೂ ಸೋತದ್ದು ಇದೇ ಬಾಂಬೆಯ ಕೈಯಲ್ಲಿ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ತಂಡ ಆ ಹೆಸರು ಹೊತ್ತು ಆಡಿದ ಮೊದಲ ಋತು ಅದು.

“ಹೆಸರು ಹೊಸದು, ಹಣೆಬರಹ ಹಳೇದೋ ಏನೋ ನೋಡೋಣ” ಎಂದರು ಮಾವ.

ಕಬ್ಬನ್ ಪಾರ್ಕಿನ ಪಕ್ಕದ ಕ್ರೀಡಾಂಗಣಕ್ಕೆ ಆಗ ಚಿನ್ನಸ್ವಾಮಿ ಎಂಬ ಹೆಸರು ಬಂದಿರಲಿಲ್ಲ. ಕಟ್ಟಡವೂ ಪೂರ್ತಿ ಮುಗಿದಿರಲಿಲ್ಲ. ಅಲ್ಲಿ ಮೊದಲ ಟೆಸ್ಟ್ ನಡೆದದ್ದು ಅದೇ ವರ್ಷದ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ಬಂದಾಗ. ಒಳಗೆ ಕಾಲಿಟ್ಟ ಕೂಡಲೇ ನಾನು ನಿಂತುಬಿಟ್ಟೆ. ಅಷ್ಟು ಹಸಿರನ್ನು ಮಾರ್ಚ್ ತಿಂಗಳಲ್ಲಿ ನಮ್ಮ ಕಡೆಯವರು ಕಂಡೇ ಇರುವುದಿಲ್ಲ.

ನಮ್ಮವರ ಬ್ಯಾಟಿಂಗ್ ಮೊದಲು. ವಿಶ್ವನಾಥ್ ಬಂದರು. ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ. ಎದುರಿಸಿದ ಮೊದಲ ಚೆಂಡೇ ಪ್ಯಾಡಿಗೆ ಬಡಿಯಿತು. ಬಾಂಬೆಯವರೆಲ್ಲ ಒಟ್ಟಿಗೆ ಕೂಗಿದರು. ನನ್ನ ಎದೆ ನಿಂತುಹೋಯಿತು. ಅಂಪೈರ್ ಬೆರಳು ಎತ್ತಲಿಲ್ಲ. ಮಾವ ಉಸಿರು ಬಿಟ್ಟು, “ನಿಜ ಹೇಳ್ಬೇಕು ಅಂದ್ರೆ ಅದು ಔಟೇ ಇರ್ಬೇಕು ಕಣೋ” ಎಂದು ಪಿಸುಗುಟ್ಟಿದರು.

ಆಮೇಲೆ ನಡೆದದ್ದು ಬೇರೆಯೇ. ಅವರ ಸ್ಕ್ವೇರ್ ಕಟ್‌ನಲ್ಲಿ ಹೊಡೆದ ಸದ್ದು ನಮಗೆ ಕೇಳಿಸುವಷ್ಟರಲ್ಲಿ ಚೆಂಡು ಬೇಲಿ ಹತ್ತಿರ ಇರುತ್ತಿತ್ತು. ಮಣಿಕಟ್ಟು ತಿರುಗಿದ್ದೊಂದೇ ಕಾಣುತ್ತಿತ್ತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಕರ್ನಾಟಕದ ಒಟ್ಟು ಮೊತ್ತ 385. ಮಕ್ಕಳೇ, ಲೆಕ್ಕ ಹಾಕಿ ನೋಡಿ: ಇಬ್ಬರೇ ಸೇರಿ 268. ಉಳಿದವರೆಲ್ಲ ಮತ್ತು ಇತರೆ ರನ್ ಸೇರಿ 117.

ವಾರ್ಡಿನಲ್ಲಿ ಕಾಮೆಂಟರಿ

ಮೊದಲ ಸಂಜೆ ಕಬ್ಬನ್ ಪಾರ್ಕ್ ದಾಟಿ, ಹಡ್ಸನ್ ವೃತ್ತ, ಕಾರ್ಪೊರೇಷನ್, ಪುರಭವನ ಎಂದು ಮಾರ್ಕೆಟ್ ಕಡೆಗೆ ನಡೆದೇ ಬಂದೆವು. ಅಜ್ಜಿಯ ಮಂಚದ ಪಕ್ಕ ಕುಳಿತು ಒಂದೇ ಉಸಿರಿಗೆ ಸ್ಕೋರು ಒಪ್ಪಿಸಿದೆ. ಅಜ್ಜಿ ಸುಮ್ಮನೆ ಕೇಳಿದಳು. ಆಮೇಲೆ, “ನಂಗೇನೂ ಕಾಣಿಸ್ಲಿಲ್ಲ ಕಣೋ” ಎಂದಳು.

ನಾನು ಪೆಚ್ಚಾದೆ.

“ಆ ಬಯಲು ಎಷ್ಟು ದೊಡ್ಡದು?”

ಯೋಚಿಸಿ ಹೇಳಿದೆ. “ನಮ್ಮೂರ ಕೆರೆ ಅಂಗಳದಲ್ಲಿ ಬೇಸಿಗೇಲಿ ದನ ಮೇಯಿಸ್ತೀವಲ್ಲ, ಅದರಲ್ಲಿ ಒಂದು ತುಂಡು. ಗುಂಡಗಿದೆ. ಸುತ್ತ ಜನ.”

“ಚೆಂಡು?”

“ಕೆಂಪಗೆ. ನಿನ್ನ ಕುಂಕುಮದ ಭರಣಿ ಇದೆಯಲ್ಲ, ಹಾಗೆ. ಅದಕ್ಕಿಂತ ಸ್ವಲ್ಪ ದೊಡ್ಡದು.”

“ಆ ಭದ್ರಾವತಿ ಹುಡುಗ?”

“ಗಿಡ್ಡ ಅಜ್ಜಿ. ಅಪ್ಪನ ಭುಜಕ್ಕೆ ಬರ್ತಾನೆ. ಅವನು ಹೊಡೆದ ಹಾಗೇ ಕಾಣೋದಿಲ್ಲ. ನೀನು ಮೊರದಲ್ಲಿ ಕೇರೋವಾಗ ಕೊನೇಲಿ ಕೈ ಹೀಗೆ ಅಂತೀಯಲ್ಲ, ಅಷ್ಟೇ. ಚೆಂಡು ಹೋಗಿಬಿಟ್ಟಿರುತ್ತೆ.”

ಅಜ್ಜಿಯ ಬಲಗೈ ಹೊದಿಕೆಯ ಮೇಲೆ ತಾನಾಗಿ ಅಲುಗಿತು. ಮೊರ ಕೇರುವ ಹಾಗೆ. “ಹ್ಞಾ, ಈಗ ಕಾಣಿಸ್ತು” ಎಂದಳು.

ನಮ್ಮ ತರಗತಿಯಲ್ಲಿ ಎಷ್ಟೋ ಪ್ರಬಂಧ ಬರೆದಿದ್ದೆ. ಎದುರಿಗಿರುವವರಿಗೆ ಕಾಣುವ ಹಾಗೆ ಹೇಳುವುದು ಹೇಗೆಂದು ಕಲಿತದ್ದು ಆ ಸಂಜೆ, ಕಣ್ಣಿಗೆ ಕಟ್ಟು ಕಟ್ಟಿಕೊಂಡಿದ್ದ ಅಜ್ಜಿಯಿಂದ. ಮರುದಿನದಿಂದ ನನ್ನ ನೋಟವೇ ಬದಲಾಯಿತು. ಆಟ ನೋಡುವಾಗಲೇ ಇದನ್ನು ಅಜ್ಜಿಗೆ ಹೇಗೆ ಹೇಳಲಿ ಎಂದು ಹುಡುಕುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಆ ಸಾಲಿನ ಬೇರೆ ಮಂಚಗಳ ಅಜ್ಜಂದಿರೂ, “ಎಲ್ಲಿ, ಆ ಕಡೂರು ಹುಡುಗ ಬಂದ್ನಾ?” ಎಂದು ಕೇಳುವಂತಾಯಿತು. ಎಲ್ಲರ ಕಣ್ಣಿಗೂ ಬಿಳಿ ಕಟ್ಟು. ಎಲ್ಲರ ಕಿವಿಯೂ ನನ್ನ ಕಡೆ. ಪಂಚನಹಳ್ಳಿಯ ಹುಡುಗನೊಬ್ಬ ಕಾಮೆಂಟೇಟರ್ ಆಗಿಬಿಟ್ಟಿದ್ದ.

ಪ್ರಸನ್ನ ಹಾಕಿದ ಗಾಳ

ಬಾಂಬೆಯ ಸರದಿ ಬಂತು. ಸುನಿಲ್ ಗಾವಸ್ಕರ್ ಇಳಿದರು. 1971ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ತಮ್ಮ ಮೊದಲ ಸರಣಿಯಲ್ಲೇ 774 ರನ್ ಹೊಡೆದವರು. ಅವರು ಹೆಚ್ಚು ಹೊತ್ತು ನಿಂತರೆ ನಮ್ಮ 385 ಏನೂ ಅಲ್ಲ ಎಂದು ಮಾವ ಉಗುರು ಕಚ್ಚುತ್ತಿದ್ದರು. ಗಾವಸ್ಕರ್ 30 ತಲುಪಿದರು.

ನಮ್ಮ ನಾಯಕ ಇ.ಎ.ಎಸ್. ಪ್ರಸನ್ನ. ಆಫ್ ಸ್ಪಿನ್ನರ್. 1962ರಲ್ಲಿ ಟೆಸ್ಟ್ ಆಡಿದ ಮೇಲೆ ಎಂಜಿನಿಯರಿಂಗ್ ಓದು ಮುಗಿಸಲು ಹಲವು ವರ್ಷ ಟೆಸ್ಟ್ ಬಿಟ್ಟಿದ್ದು, 1967ರಲ್ಲಿ ಮರಳಿ ಬಂದವರು. ಮಾವ ಈ ಮಾತನ್ನು ಬೇಕೆಂದೇ ನನಗೆ ಎರಡು ಸಲ ಹೇಳಿದರು. ಪ್ರಸನ್ನ ನಾಲ್ಕು ಹೆಜ್ಜೆ ಇಟ್ಟು ಚೆಂಡನ್ನು ಮೇಲಕ್ಕೆ ತೂರಿದರು. ನಿಧಾನವಾಗಿ ಬರುತ್ತಿದ್ದ ಚೆಂಡು. ಇದನ್ನು ನಾನೂ ಹೊಡೆಯಬಲ್ಲೆ ಅನಿಸಿತು. ಗಾವಸ್ಕರ್ ಬ್ಯಾಟು ಬೀಸಿದರು. ಆಮೇಲೆ ನಾನು ಕಂಡದ್ದು ಇಷ್ಟೇ: ಸ್ಟಂಪ್ ಮೇಲಿದ್ದ ಬೇಲು ಇರಲಿಲ್ಲ.

ಒಂದು ಗಳಿಗೆ ಮೌನ. ಆಮೇಲೆ ಎದ್ದ ಕೂಗು ಈಗಲೂ ಕಿವಿಯಲ್ಲಿದೆ. ಪಕ್ಕದಲ್ಲಿದ್ದ, ಹೆಸರೂ ಗೊತ್ತಿಲ್ಲದ ಮುದುಕರೊಬ್ಬರು ಅಳುತ್ತಾ ನನ್ನನ್ನು ತಬ್ಬಿಕೊಂಡರು. ನನ್ನ ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ಚೆಲ್ಲಾಪಿಲ್ಲಿಯಾಯಿತು.

“ಏನಾಯ್ತು ಮಾವ? ಅಷ್ಟು ಸುಲಭದ ಚೆಂಡು!”

“ಸುಲಭ ಅಂತ ಕಂಡಿತಲ್ಲ, ಅದೇ ಗಾಳ. ಹತ್ರ ಬೀಳುತ್ತೆ ಅಂತ ಕಣ್ಣು ಹೇಳುತ್ತೆ. ಚೆಂಡು ಗಾಳೀಲಿ ತಡೆದು ಅಂದುಕೊಂಡಿದ್ದಕ್ಕಿಂತ ಮೊದಲೇ ಇಳಿಯುತ್ತೆ. ಬ್ಯಾಟು ಬಂದಾಗ ಚೆಂಡು ಅಲ್ಲಿರಲ್ಲ.”

ಸಂಜೆ ಅಜ್ಜಿಗೆ ಇದನ್ನು ಹೇಳಲು ಒದ್ದಾಡಿದೆ. ಅವಳೇ ಬಿಡಿಸಿದಳು. “ಗೊತ್ತಾಯ್ತು ಬಿಡು. ಸಂತೇಲಿ ಬಳೆಯವನು ಮೊದಲು ಕಡಿಮೆ ಬೆಲೆ ಹೇಳಿ ಕೂರಿಸ್ಕೊತಾನಲ್ಲ, ಹಾಗೆ. ಕೂತ ಮೇಲೆ ಏಳೋ ಹಾಗಿಲ್ಲ.” ಪಕ್ಕದ ಮಂಚಗಳಲ್ಲಿ ನಗು. ನರ್ಸಮ್ಮ ಬಂದು, “ನಗಬೇಡಿ, ಹೊಲಿಗೆ!” ಎಂದು ಗದರಿಸಿದರು.

ಬಿ.ಎಸ್. ಚಂದ್ರಶೇಖರ್ ಅವರ ವಿಷಯ ಹೇಳಿದಾಗ ಮಾತ್ರ ಯಾರೂ ನಗಲಿಲ್ಲ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವರ ಬಲಗೈ ಸೊರಗಿತ್ತು. ಆ ಕೈಯಲ್ಲೇ ಅವರು ಸ್ಪಿನ್ ಬೌಲಿಂಗ್ ಮಾಡುತ್ತಿದ್ದರು. ಬೌಂಡರಿಯಿಂದ ಚೆಂಡು ಎಸೆಯಬೇಕಾದಾಗ ಎಡಗೈ. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದದ್ದು ಅದೇ ಸೊರಗಿದ ಕೈ. ಆಗ ಭಾರತದ ನಾಯಕ ಅಜಿತ್ ವಾಡೇಕರ್. ಈಗ ಅದೇ ವಾಡೇಕರ್ ಬಾಂಬೆಯ ನಾಯಕರಾಗಿ ಚಂದ್ರಶೇಖರ್ ಎದುರಿಗೆ ಬ್ಯಾಟು ಹಿಡಿದಿದ್ದರು.

ಅಜ್ಜಿ ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಸೊರಗಿದ ಕೈಯಲ್ಲಿ ಅವನು ಅಷ್ಟು ಮಾಡಿದ್ರೆ, ನಾನು ಕಣ್ಣು ಬಂದ ಮೇಲೆ ಸುಮ್ಮನೆ ಕೂರಬಾರದು ನೋಡು” ಎಂದಳು.

ಹತ್ತನೆಯ ವಿಕೆಟ್

ಈಗ ಬರುವುದು ನಾನು ಮೊಮ್ಮಗಳಿಗೆ ಹೇಳಲಾಗದೆ ಬಿಟ್ಟ ಮಾತು.

ವಾಡೇಕರ್ ಮತ್ತು ಅಶೋಕ್ ಮಂಕಡ್ ಬೇರೂರಿದ್ದರು. ಪಂದ್ಯ ಮತ್ತೆ ಬಾಂಬೆಯ ಕಡೆ ವಾಲುತ್ತಿತ್ತು. ಆಗ ರನ್ ಓಡುವಾಗ ವಾಡೇಕರ್ ಜಾರಿದರು. 62ಕ್ಕೆ ರನೌಟ್. ಮಂಕಡ್ 84 ಹೊಡೆದರು. ಪ್ರಸನ್ನ ಐದು, ಚಂದ್ರಶೇಖರ್ ನಾಲ್ಕು ವಿಕೆಟ್. ಆ ರನೌಟೂ ಸೇರಿ ಹತ್ತು. ಇದನ್ನು ಈಗ ಒಂದೇ ಸಾಲಿನಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಕುಳಿತಾಗ ಒಂದೊಂದು ವಿಕೆಟೂ ಒಂದು ಯುಗ.

ಬಾಂಬೆಯ ಕೊನೆಯ ವಿಕೆಟ್‌ಗಳು ಬೀಳಬೇಕಿದ್ದ ದಿನವೇ ಅಜ್ಜಿಯ ಕಟ್ಟು ಬಿಚ್ಚುವ ದಿನ. ಬೆಳಿಗ್ಗೆ ಹೊರಡುವಾಗ ಅಪ್ಪ ಒಂದೇ ಮಾತು ಹೇಳಿದ್ದರು. “ಡಾಕ್ಟರು ಬರೋ ಹೊತ್ತಿಗೆ ಬಂದುಬಿಡು.” ಹ್ಞೂಂ ಎಂದಿದ್ದೆ. ಹೊತ್ತಾಗುತ್ತಿದ್ದಂತೆ ಮಾವ ಗಡಿಯಾರ ನೋಡಿ, “ನೀನು ಹೊರಡಬೇಕಲ್ಲೋ” ಎಂದರು. “ಇದೊಂದು ಓವರ್ ಮಾವ” ಎಂದೆ. ಆ ಓವರ್ ಮುಗಿಯಿತು. “ಇನ್ನೊಂದು” ಎಂದೆ. ನನಗೆ ಹೊತ್ತು ಗೊತ್ತಿತ್ತು. ಅಜ್ಜಿ ಕಾಯುತ್ತಾಳೆ ಎಂಬುದೂ ಗೊತ್ತಿತ್ತು. ಆದರೂ ಏಳಲಿಲ್ಲ. ಹದಿನೈದು ವರ್ಷದ ಬೀಗ ಒಡೆಯುವುದನ್ನು ನೋಡದೆ ಹೋಗುವುದು ಹೇಗೆ? ಹತ್ತನೆಯ ವಿಕೆಟ್ ಬಿತ್ತು. ಬಾಂಬೆ 307. ಜನ ಮೈದಾನದ ಕಡೆ ನುಗ್ಗುತ್ತಿದ್ದರು. ನಾನು ಹಿಂದಕ್ಕೆ ತಿರುಗಿ ಓಡಿದೆ. ಕಬ್ಬನ್ ಪಾರ್ಕಿನುದ್ದಕ್ಕೂ, ಕಾರ್ಪೊರೇಷನ್ ಮುಂದೆ, ಮಾರ್ಕೆಟ್‌ನ ಗಾಡಿಗಳ ನಡುವೆ ಓಡುತ್ತಲೇ ಇದ್ದೆ.

ವಾರ್ಡಿನ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. “ಮೂರು ಸಲ ಕೇಳಿದ್ಲು, ಹುಡುಗ ಬಂದ್ನಾ ಅಂತ. ಡಾಕ್ಟರು ಎಷ್ಟೂಂತ ಕಾಯ್ತಾರೆ?” ಎಂದರು. ಹೊಡೆದಿದ್ದರೇ ಚೆನ್ನಾಗಿತ್ತು.

ಅಜ್ಜಿ ಮಂಚದ ಮೇಲೆ ಒರಗಿ ಕುಳಿತಿದ್ದಳು. ಕಟ್ಟು ಇರಲಿಲ್ಲ. ಆಗ ಕಟ್ಟು ಬಿಚ್ಚಿದ ಕೂಡಲೇ ಎಲ್ಲ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಮಸೂರವೇ ಇಲ್ಲದ ಕಣ್ಣಿಗೆ ಬೆಳಕು, ನೆರಳು, ಮಂಜುಮಂಜಾದ ಆಕಾರ ಅಷ್ಟೇ ಕಾಣುತ್ತಿತ್ತು. ದಪ್ಪ ಗಾಜಿನ ಕನ್ನಡಕ ಬಂದ ಮೇಲೆಯೇ ಮುಖ ಗುರುತಾಗುತ್ತಿದ್ದದ್ದು. ಅವಳು ನನ್ನ ಕಡೆ ತಿರುಗಿದಳು.

“ಆ ನೆರಳು ನೀನೇ ತಾನೆ? ಏದುಸಿರು ಬಿಡ್ತಿದೀಯ.”

ನಾನು ಅವಳ ಕಾಲ ಬಳಿ ನಿಂತೇ ಇದ್ದೆ. ಬಾಯಿ ಬರಲಿಲ್ಲ.

“ಎಷ್ಟಾಯ್ತು ಅವರದು?” ಎಂದು ಅವಳೇ ಕೇಳಿದಳು.

“307.”

“ನಮ್ಮದು 385. ಹಾಗಾದ್ರೆ 78 ಹೆಚ್ಚು.” ತೆಂಗಿನಕಾಯಿ ಲೆಕ್ಕ ಹಾಕಿ ಹಾಕಿ ಪಳಗಿದವಳು. ನಾನು ಬೆರಳು ಮಡಿಸುವ ಮೊದಲೇ ಹೇಳಿದ್ದಳು. “ಬಾ, ಇಲ್ಲಿ ಕೂರು. ಮೊದಲಿಂದ ಹೇಳು.” ಹಾಗೆಂದವಳು ಆಗಷ್ಟೇ ಬಿಟ್ಟಿದ್ದ ಕಣ್ಣನ್ನು ಮುಚ್ಚಿಕೊಂಡಳು. “ಕಣ್ಣು ಮುಚ್ಚಿದ್ರೇ ನಂಗೆ ಆ ಬಯಲು ಚೆನ್ನಾಗಿ ಕಾಣೋದು.”

ಹೇಳಿದೆ. ನಡುನಡುವೆ ಅತ್ತೆ. ಅವಳು ಅಳಬಾರದೆಂದು ಡಾಕ್ಟರು ಹೇಳಿದ್ದರು. ನನಗೆ ಯಾರೂ ಹೇಳಿರಲಿಲ್ಲ. ಬರಲಿಲ್ಲವೇಕೆ ಎಂದು ಅಜ್ಜಿ ಆಗಲೂ ಕೇಳಲಿಲ್ಲ, ಆಮೇಲೆ ಬದುಕಿರುವಷ್ಟು ದಿನವೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ನಾನು ಆ ದಿನವನ್ನು ಎಂದೋ ಮರೆಯುತ್ತಿದ್ದೆ.

ಡ್ರಾ ಆದರೂ ಗೆದ್ದದ್ದು ಹೇಗೆ?

ಪಂದ್ಯ ಪೂರ್ತಿ ಮುಗಿಯದೆ ಡ್ರಾ ಆಯಿತು. ರಣಜಿಯ ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನ್ನಿಂಗ್ಸಿನಲ್ಲಿ ಯಾರು ಹೆಚ್ಚು ರನ್ ಮಾಡಿದ್ದಾರೋ ಅವರು ಮುಂದಕ್ಕೆ ಹೋಗುತ್ತಾರೆ. ಅಜ್ಜಿ ಹೇಳಿದ ಆ 78 ರನ್ನೇ ಕರ್ನಾಟಕವನ್ನು ಫೈನಲ್‌ಗೆ ಒಯ್ದಿತು. 15 ವರ್ಷಗಳ ಬಾಂಬೆಯ ಸರಪಳಿ ಕಡಿಯಿತು.

ಜೈಪುರದಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ರಾಜಸ್ಥಾನವನ್ನು 185 ರನ್ನಿಂದ ಸೋಲಿಸಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಅಷ್ಟರಲ್ಲಿ ನಾವು ಊರಿಗೆ ಮರಳಿದ್ದೆವು. ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಹೋಟೆಲಿನವರಿಂದ ಬೇಡಿ ತಂದು ಅಜ್ಜಿಗೆ ಓದಿ ಹೇಳಿದೆ. ಕನ್ನಡಕ ಬಂದ ಮೇಲೆ ಅವಳು ಮೊದಲು ನೋಡಿದ್ದು ಒಲೆ, ಹಂಚು. ಆಮೇಲೆ ನನ್ನನ್ನು ಬೆಳಕಿಗೆ ನಿಲ್ಲಿಸಿ ಬಹಳ ಹೊತ್ತು ನೋಡಿ, “ಎಷ್ಟು ಉದ್ದ ಆಗಿದೀಯೋ! ನಂಗೆ ಗೊತ್ತೇ ಆಗ್ಲಿಲ್ಲ” ಎಂದಳು. ಪೊರೆ ಬಂದು ಎರಡು ವರ್ಷವಾಗಿತ್ತಲ್ಲ.

ಭದ್ರಾವತಿ ಹುಡುಗನ ಕಥೆಗೂ ಒಂದು ಬಾಲವಿದೆ. ಮುಂದೆ ವಿಶ್ವನಾಥ್ ಮದುವೆಯಾದದ್ದು ಗಾವಸ್ಕರ್ ಅವರ ತಂಗಿಯನ್ನು. ಸುದ್ದಿ ಕೇಳಿ ಅಜ್ಜಿ, “ನೋಡಿದ್ಯಾ, ಬಾಂಬೆಯವರೂ ಬೀಗರಾದ್ರು” ಎಂದು ಗೆದ್ದವಳಂತೆ ನಕ್ಕಿದ್ದಳು.

ಮುಂದಿನ ವಾರದ ಆಟ

ಕಥೆ ಮುಗಿದಾಗ ಮೊಮ್ಮಗಳು ಮೊಬೈಲಿನಲ್ಲಿ ಆ ಹಳೆಯ ಪಂದ್ಯದ ಸ್ಕೋರು ಹುಡುಕಿ ತೆಗೆದಳು. “ತಾತ, 385, 307. ನೀನು ಹೇಳಿದ್ದು ಕರೆಕ್ಟ್!” ಎಂದಳು. ಗಾವಸ್ಕರ್ ಬೋಲ್ಡ್ ಪ್ರಸನ್ನ 30 ಎಂಬುದೂ ಇತ್ತು. ಐವತ್ತು ವರ್ಷದ ಹಿಂದಿನದು ಒಂದು ರನ್ನೂ ಹೆಚ್ಚುಕಡಿಮೆ ಆಗದೆ ಉಳಿದಿತ್ತು. ಮಿಂಟೋ ಆಸ್ಪತ್ರೆಯ ಮಂಚ, ಬಿಳಿ ಕಟ್ಟು, ಬಾಗಿಲಲ್ಲಿ ನಿಂತ ಅಪ್ಪ ಮಾತ್ರ ಯಾವ ಸ್ಕೋರ್ ಕಾರ್ಡಿನಲ್ಲೂ ಸಿಗುವುದಿಲ್ಲ. ಅವನ್ನು ನಾವೇ ಹೇಳಬೇಕು. ನಿಮ್ಮ ಮನೆಯ ಅಜ್ಜ ಅಜ್ಜಿಯರ ಬಳಿಯೂ ಇಂಥದ್ದು ಏನಾದರೂ ಇದ್ದೇ ಇರುತ್ತದೆ ಮಕ್ಕಳೇ. ಜಾಹೀರಾತು ಬಂದಾಗಲಾದರೂ ಕೇಳಿ.

ಹೋದ ವರ್ಷ ನನ್ನ ಕಣ್ಣಿಗೂ ಪೊರೆ ತೆಗೆದರು. ಅರ್ಧ ದಿನದ ಕೆಲಸ. ಮರುದಿನ ಕಟ್ಟು ಬಿಚ್ಚುವಾಗ ಈ ಮೊಮ್ಮಗಳು ಶಾಲೆಗೆ ರಜೆ ಹಾಕಿ ನನ್ನ ಎದುರಿಗೇ ನಿಂತಿದ್ದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಮುಂದಿನ ವಾರ ಕಡೂರಿನಲ್ಲಿ ಬೇಸಿಗೆ ಶಿಬಿರದ ಮಕ್ಕಳಿಗೆ ಖೊಖೊ ಆಟವಿದೆ. ಅವಳೂ ಆಡುತ್ತಾಳೆ. “ತಾತ, ಬರ್ತೀಯ ತಾನೆ? ಒಂಬತ್ತಕ್ಕೇ ಶುರು” ಎಂದಳು. ಬರುತ್ತೇನೆ ಎಂದಿದ್ದೇನೆ. ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಆಗಲೇ ಕೇಳಿಕೊಂಡು ಬಂದಿದ್ದೇನೆ.